577541: ಈ ಆರು ಅಂಕಿ ಓದುವುದು ಹೇಗೆ?

ಸಿರಿಗೆರೆ ಚಿತ್ರದುರ್ಗ ತಾಲ್ಲೂಕಿನ ಊರು. ತಾಲ್ಲೂಕು ಅದೇ ತಾನೇ ಎಂದು ಇಲ್ಲಿನ ಮಠಕ್ಕೋ ಹಾಸ್ಟೆಲಿನಲ್ಲಿ ಓದುವ ಮಗನಿಗೋ ಕಳಿಸುವ ಲಕೋಟೆಯ ಮೇಲೆ 577501 ಬರೆದರೆ, ಅದು ದುರ್ಗದ ಪ್ರಧಾನ ಅಂಚೆ ಕಚೇರಿಯ ಚೀಲ ಸೇರುತ್ತದೆ. ಅಲ್ಲಿ ಯಾರಾದರೂ ವಿಳಾಸ ಓದಿ ಮತ್ತೆ ಇತ್ತ ಕಳಿಸಬೇಕು. ಸಿರಿಗೆರೆಯ ಸಂಖ್ಯೆ 577541. ಪಿನ್‌ಕೋಡ್ ಹೇಳುವುದು ನಿಮಗೆ ಅಂಚೆ ಬಟವಾಡೆ ಮಾಡುವ ಕಚೇರಿಯನ್ನು. ತಾಲ್ಲೂಕಿನ ಗಡಿಗೂ ಅದಕ್ಕೂ ಸಂಬಂಧವಿರಲೇಬೇಕೆಂದಿಲ್ಲ.

ಮೊದಲು ಎಡಗಡೆಯಿಂದ ಓದಿ. ಈ ಪದ್ಧತಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ರೂಪಿಸಿದವರು ಸಂಪರ್ಕ ಸಚಿವಾಲಯದ ಅಧಿಕಾರಿಯಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಅವರು ಸಂಸ್ಕೃತ ಕವಿಯೂ ಹೌದು. ದೇಶಕ್ಕೆ ಒಂಬತ್ತು ವಲಯ, ಅದರಲ್ಲಿ 9 ಸೇನೆಯ ಅಂಚೆಗೆ ಮೀಸಲು. 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣ. ಎರಡು ಅಂಕಿ ಕೂಡಿಸಿ ನೋಡಿ: 56ರಿಂದ 59ರವರೆಗೆ ನಮ್ಮ ರಾಜ್ಯ. ಮೂರು ಕೂಡಿದರೆ ವಿಂಗಡಣಾ ಜಿಲ್ಲೆ, ಇಲ್ಲಿ 577.

ಈ ‘ಜಿಲ್ಲೆ’ಗೆ ಜಿಲ್ಲಾಧಿಕಾರಿ ಇಲ್ಲ! ದಾವಣಗೆರೆ 577001, ಚಿಕ್ಕಮಗಳೂರು 577101, ಶಿವಮೊಗ್ಗ 577201, ಭದ್ರಾವತಿ 577301, ಸಾಗರ 577401, ಚಿತ್ರದುರ್ಗ 577501, ಹರಿಹರ 577601. ನಾಲ್ಕು ಕಂದಾಯ ಜಿಲ್ಲೆಗಳ ಊರುಗಳು ಒಂದೇ ಸಂಖ್ಯೆಯಡಿ ಇವೆ. ಕೊನೆಯ ಮೂರು ಅಂಕಿ ಬಟವಾಡೆ ಕಚೇರಿಯದು.

ಪಕ್ಕದ ಸಂಖ್ಯೆ ಎಂದರೆ ಪಕ್ಕದ ಊರು ಎಂದು ಲೆಕ್ಕ ಹಾಕಬೇಡಿ. ಹೊಳಲ್ಕೆರೆ 577526, ಹೊಸದುರ್ಗ 577527, ಅದರ ಮುಂದಿನದು ಜಗಳೂರು, 577528. ಹೊಸದುರ್ಗ ದಕ್ಷಿಣಕ್ಕೆ, ಜಗಳೂರು ಚಿತ್ರದುರ್ಗದಿಂದಾಚೆ ಉತ್ತರಕ್ಕೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಜಗಳೂರು ಅತ್ತ ಹೋಯಿತು. ಅದರ ಪಿನ್‌ ಮಾತ್ರ ದುರ್ಗದ ಸಾಲಿನಲ್ಲೇ ಉಳಿದಿದೆ. ಚಿಕ್ಕಮಗಳೂರು ಜಿಲ್ಲೆಯ ಕಡೂರಿನದೂ 577548. ಹಾಗಾಗಿ ಪಿನ್‌ ನೋಡಿ ಜಿಲ್ಲೆ ತುಂಬುವ ಅರ್ಜಿಗಳಲ್ಲಿ, ಕಂಪ್ಯೂಟರ್ ತೋರಿಸಿದ ಹೆಸರನ್ನು ಒಮ್ಮೆ ಪರೀಕ್ಷಿಸಿಯೇ ಮುಂದುವರಿಯಿರಿ.

ನಿಮ್ಮ ಹಳ್ಳಿಯದು ಯಾವುದು? ಸಿರಿಗೆರೆ 577541, ಭರಮಸಾಗರ 577519; ನಡುವಿನ ಹಳ್ಳಿಯವರು ನಕ್ಷೆ ಹಿಡಿದು ದೂರ ಅಳೆಯುವ ಬದಲು ಪೋಸ್ಟ್‌ಮ್ಯಾನ್‌ಗೆ ಎರಡು ಪ್ರಶ್ನೆ ಕೇಳಿ: ನಮ್ಮ ಶಾಖಾ ಅಂಚೆ ಕಚೇರಿ ಯಾವುದು? ಅದಕ್ಕೆ ಚೀಲ ಬರುವುದು ಯಾವ ಉಪ ಅಂಚೆ ಕಚೇರಿಯಿಂದ? ಸಾಮಾನ್ಯವಾಗಿ ಶಾಖಾ ಕಚೇರಿಗೆ ಆ ಉಪ ಕಚೇರಿಯ ಪಿನ್ನೇ ಇರುತ್ತದೆ. ಅಂಚೆ ಇಲಾಖೆಯ ಜಾಲತಾಣದಲ್ಲೂ ಕಚೇರಿಯ ಹೆಸರು ಹಾಕಿ ಹುಡುಕಬಹುದು.

ವಿಳಾಸ ಬರೆಯುವಾಗ ಹೆಸರು, ಮನೆ ಅಥವಾ ಬೀದಿ, ಗ್ರಾಮ, ಆಮೇಲೆ ‘ಅಂಚೆ’ ಎಂದು ಶಾಖಾ ಕಚೇರಿಯ ಹೆಸರು, ತಾಲ್ಲೂಕು, ಜಿಲ್ಲೆ, ಕೊನೆಗೆ ಪಿನ್. ಒಂದೇ ಪಿನ್‌ನಡಿ ಹಲವು ಹಳ್ಳಿಗಳಿರುವುದರಿಂದ ‘ಅಂಚೆ’ಯ ಸಾಲು ಬಿಡುವಂತಿಲ್ಲ. ಗೊಲ್ಲರಹಟ್ಟಿ, ಹೊಸಹಳ್ಳಿಯಂಥ ಹೆಸರು ಎಷ್ಟು ಕಡೆ ಇಲ್ಲ ಹೇಳಿ! ಇನ್ನು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನಲ್ಲಿ ಸಿರಿಗೇರಿ ಎಂಬ ಊರೇ ಇದೆ. ಅವಸರದ ಕೈಬರಹದಲ್ಲಿ ಸಿರಿಗೆರೆಗೂ ಸಿರಿಗೇರಿಗೂ ಏನು ವ್ಯತ್ಯಾಸ? 583 ಇದ್ದರೆ ಅತ್ತ, 577 ಇದ್ದರೆ ಇತ್ತ.

ಹಿರಿಯೂರಿನವರು ಹಳೆಯ ಕಾಗದಗಳನ್ನು ಒಮ್ಮೆ ತೆಗೆದು ನೋಡುವುದು ಒಳ್ಳೆಯದು. ಅಲ್ಲಿನ ಈಗಿನ ಪಿನ್ 577598. ಬ್ಯಾಂಕ್ ಪಾಸ್‌ಬುಕ್ಕಿನಲ್ಲೋ ವಿಮೆ ಪತ್ರದಲ್ಲೋ 572143 ಎಂದಿದ್ದರೆ ಅದು ತುಮಕೂರಿನ 572 ಸಾಲಿನ ಹಳೆಯ ಸಂಖ್ಯೆ, ತಿದ್ದಿಸಿಕೊಳ್ಳಿ.

2025ರಲ್ಲಿ ಅಂಚೆ ಇಲಾಖೆ ಡಿಜಿಪಿನ್ ಎಂಬ ಹತ್ತು ಅಕ್ಷರ–ಅಂಕಿಗಳ ಗುರುತನ್ನೂ ತಂದಿದೆ. ದೇಶವನ್ನು ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ವಿಂಗಡಿಸಿ ಪ್ರತಿ ಚೌಕಕ್ಕೂ ಒಂದು ಗುರುತು. ಬೀದಿ ಹೆಸರಿಲ್ಲದ ತೋಟದ ಮನೆಗಳಿಗೆ ಇದು ಅನುಕೂಲವೇ. ಆದರೆ ಅದನ್ನು ಬರೆದೆವೆಂದು ಪಿನ್‌ಕೋಡ್ ಬಿಡಬೇಡಿ, ಲಕೋಟೆಯ ಮೇಲೆ ಆರು ಅಂಕಿ ಇರಲೇಬೇಕು.