ಮೈಕ್ರೋವೇವ್ ಒಲೆ: ಬಳಕೆ ಮತ್ತು ದೋಷ ಪರಿಹಾರ

ಗೊರವನಹಳ್ಳಿಯ ಸುತ್ತಮುತ್ತಲಿನ ಮನೆಗಳಲ್ಲಿ ಸೌದೆಯ ಒಲೆಯ ಜಾಗಕ್ಕೆ ಅನಿಲದ ಒಲೆ ಬಂದು ಬಹುಕಾಲವಾಯಿತು. ಈಚಿನ ವರ್ಷಗಳಲ್ಲಿ ಅದರ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆಯೂ ಅಲ್ಲಲ್ಲಿ ಕಾಣಿಸಿಕೊಳ್ಳುತ್ತಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಕ್ಕಳು ತಾಯಿತಂದೆಯರ ಅನುಕೂಲಕ್ಕೆಂದು ಹಬ್ಬಕ್ಕೆ ಬಂದಾಗ ತಂದಿರಿಸಿ ಹೋಗುವ ಮೈಕ್ರೋವೇವ್ ಒಲೆಯೇ ಅದು. ಅದರೊಡನೆ ಬರುವ ಕೈಪಿಡಿ ಸಾಮಾನ್ಯವಾಗಿ ಇಂಗ್ಲಿಷಿನದು. ಬಳಕೆ ತಿಳಿಯದೆ ಹೋದರೆ ಆ ಒಲೆಯು ದಿನಸಿ ಡಬ್ಬಿಗಳನ್ನು ಜೋಡಿಸುವ ಪೀಠವಾಗಿ ಉಳಿದೀತು. ಕೆಟ್ಟಿತೆಂದು ಅದನ್ನು ಮನೆಯಲ್ಲಿಯೇ ಬಿಚ್ಚಲು ಹೊರಟರೆ ಪ್ರಾಣಕ್ಕೇ ಸಂಚಕಾರ ಬಂದೀತು. ಆದುದರಿಂದ ಅದರ ಗುಣಧರ್ಮಗಳನ್ನು ಅರಿತಿರುವುದು ಅವಶ್ಯಕ.

ಈ ಒಲೆಯಲ್ಲಿ ಬೆಂಕಿಯಿಲ್ಲ. ಮ್ಯಾಗ್ನೆಟ್ರಾನ್ ಎಂಬ ಸಾಧನವು ಸೆಕೆಂಡಿಗೆ 245 ಕೋಟಿ ಆವರ್ತನೆಗಳುಳ್ಳ ವಿದ್ಯುತ್ಕಾಂತೀಯ ಅಲೆಗಳನ್ನು ಹೊರಡಿಸುತ್ತದೆ. ನೀರಿನ ಅಣುವಿನ ಒಂದು ತುದಿ ಧನ, ಇನ್ನೊಂದು ತುದಿ ಋಣ. ಅಲೆಯು ದಿಕ್ಕು ಬದಲಿಸಿದಂತೆಲ್ಲ ಅಣುವೂ ಹೊರಳಲು ಹವಣಿಸುತ್ತದೆ. ಆ ತಿಕ್ಕಾಟವೇ ಶಾಖ. ಮಂಜುಗಡ್ಡೆಯಲ್ಲಿ ಅಣುಗಳು ಬಿಗಿಯಾಗಿ ಬಂಧಿತವಾಗಿರುವುದರಿಂದ ಅದು ಬಹು ನಿಧಾನವಾಗಿ ಕಾಯುತ್ತದೆ. ಈ ಅಲೆಗಳಿಂದ ಆಹಾರ ವಿಕಿರಣಶೀಲವಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ.

ಮ್ಯಾಗ್ನೆಟ್ರಾನ್ ಮೂಲತಃ ಯುದ್ಧಕಾಲದ ಉಪಕರಣ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾನಿಲಯದಲ್ಲಿ ರ‍್ಯಾಂಡಲ್ ಮತ್ತು ಬೂಟ್ ಎಂಬ ವಿಜ್ಞಾನಿಗಳು 1940ರಲ್ಲಿ ಅದನ್ನು ರೇಡಾರಿಗೆ ಒಗ್ಗುವಷ್ಟು ಶಕ್ತಿಯುತವಾಗಿ ರೂಪಿಸಿದರು. ಅದರ ಶಾಖವನ್ನು ಅಡಿಗೆಗೆ ತಿರುಗಿಸಿದವನು ಅಮೆರಿಕದ ಪರ್ಸಿ ಸ್ಪೆನ್ಸರ್. ಕನ್ನಡ ನಾಡಿಗೂ ಈ ಅಲೆಗಳ ವಿದ್ಯೆ ಹೊಸತಲ್ಲ. ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದ ಡಾ. ರಾಜೇಶ್ವರಿ ಚಟರ್ಜಿಯವರು ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಮೈಕ್ರೋವೇವ್ ಸಂಶೋಧನೆಯನ್ನು ಅಲ್ಲಿ ಕಟ್ಟಿ ಬೆಳೆಸಿದರು. ಅಡಿಗೆಮನೆಯ ಪೆಟ್ಟಿಗೆಯಾಗಿ ಇದನ್ನು ಕಾಣುವವರು ಆ ಕನ್ನಡತಿಯನ್ನೂ ಸ್ಮರಿಸಬೇಕಾದುದು ಉಚಿತ.

ಒಲೆಯೊಳಗೆ ಅಲೆಗಳು ಗೋಡೆಗಳಿಗೆ ತಾಗಿ ಮರಳಿ, ಒಂದರೊಡನೊಂದು ಬೆರೆತು, ಕೆಲವೆಡೆ ಪ್ರಬಲವಾಗಿಯೂ ಕೆಲವೆಡೆ ಕ್ಷೀಣವಾಗಿಯೂ ನಿಲ್ಲುತ್ತವೆ. ತಟ್ಟೆ ತಿರುಗುವುದು ಇದಕ್ಕಾಗಿಯೇ. ಶಾಲೆಗಳಲ್ಲಿ ಇದನ್ನು ಹಪ್ಪಳದಿಂದ ತೋರಿಸಬಹುದು. ತಟ್ಟೆಯ ಕೆಳಗಿನ ಉರುಳುವ ಬಳೆಯನ್ನು ತೆಗೆದು, ತಟ್ಟೆ ತಿರುಗದಂತೆ ಮಗುಚಿಟ್ಟು, ಅದರ ಮೇಲೆ ಹಸಿ ಹಪ್ಪಳಗಳನ್ನು ಒತ್ತೊತ್ತಾಗಿ ಹರಡಿ, ಅಲ್ಲಲ್ಲಿ ಉಬ್ಬತೊಡಗಿದ ಕೂಡಲೆ ಒಲೆಯನ್ನು ನಿಲ್ಲಿಸಬೇಕು. ಉಬ್ಬಿದ ಎರಡು ನೆರೆಯ ಮಚ್ಚೆಗಳ ಅಂತರ ಸುಮಾರು 6 ಸೆಂಟಿಮೀಟರು. ಅಂದರೆ ಅಲೆಯ ಅರ್ಧ ಉದ್ದ. ಹಲವು ಸಲ ಅಳೆದಾಗ ಸರಾಸರಿ 6.1 ಬಂದಿತೆನ್ನೋಣ. ಅದನ್ನು ಇಮ್ಮಡಿಸಿದರೆ 12.2, 245 ಕೋಟಿಯಿಂದ ಗುಣಿಸಿದರೆ ಸೆಕೆಂಡಿಗೆ 2989 ಕೋಟಿ ಸೆಂಟಿಮೀಟರು, ಎಂದರೆ ಹೆಚ್ಚುಕಡಿಮೆ 3 ಲಕ್ಷ ಕಿಲೋಮೀಟರು. ಅದು ಬೆಳಕಿನ ವೇಗ! ಹಪ್ಪಳದಿಂದ ಬೆಳಕಿನ ವೇಗವನ್ನು ಅಳೆದ ವಿದ್ಯಾರ್ಥಿ ಆ ಪಾಠವನ್ನು ಸುಲಭವಾಗಿ ಮರೆಯಲಾರನು.

ಈ ಸೀಮೆಯ ಊಟಕ್ಕೆ ಒಲೆಯನ್ನು ಒಗ್ಗಿಸಿಕೊಳ್ಳುವಾಗ ಒಂದು ಸಂಗತಿ ನೆನಪಿರಬೇಕು. ನೀರಿನಂಶವುಳ್ಳ ಆಹಾರದೊಳಕ್ಕೆ ಅಲೆಗಳು ಒಂದೆರಡು ಸೆಂಟಿಮೀಟರಿನಷ್ಟೇ ಪ್ರಬಲವಾಗಿ ಇಳಿಯುತ್ತವೆ. ತಣ್ಣಗಾದ ರಾಗಿ ಮುದ್ದೆಯನ್ನು ಇಡಿಯಾಗಿಟ್ಟರೆ ಮೇಲುಭಾಗ ಒಣಗಿ ಗಟ್ಟಿಯಾಗುತ್ತದೆ, ನಡುಭಾಗ ತಣ್ಣಗೇ ಉಳಿಯುತ್ತದೆ. ಮುದ್ದೆಯನ್ನು ಮುರಿದು ಹರಡಿ, ನೀರು ಚಿಮುಕಿಸಿ, ಮುಚ್ಚಿಟ್ಟು ಕಾಯಿಸಿದರೆ ಮೃದುವಾಗುತ್ತದೆ. ಕಾಳಿನ ಸಾರನ್ನು ನಡುವೆ ಒಮ್ಮೆ ಕಲಕಬೇಕು. ಇಡಿಯ ಬದನೆಕಾಯಿ, ಆಲೂಗಡ್ಡೆಗಳನ್ನು ಚುಚ್ಚದೆ ಇಟ್ಟರೆ ಆವಿ ತುಂಬಿ ಸಿಡಿಯುತ್ತವೆ. ನುಣುಪಾದ ಪಾತ್ರೆಯಲ್ಲಿ ಕಾದ ನೀರು ಕುದಿಯದೆಯೇ ಕುದಿಬಿಂದುವನ್ನು ದಾಟಿರಬಹುದು. ಅಲುಗಿಸಿದೊಡನೆ ಉಕ್ಕಿ ಕೈಯನ್ನು ಸುಡುತ್ತದೆ. ಒಂದು ಮರದ ಚಮಚವನ್ನು ಮೊದಲೇ ಅದರಲ್ಲಿ ಇರಿಸುವುದು ಕ್ಷೇಮ. ಸ್ಟೀಲು, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳು ಅಲೆಗಳನ್ನು ಹಿಂದಕ್ಕೆ ಎಸೆಯುತ್ತವೆ. ಕಿಡಿ ಹಾರುವುದೂ ಉಂಟು. ಚಿನ್ನದ ಗೆರೆಯಿರುವ ಪಿಂಗಾಣಿ ಬಟ್ಟಲೂ ಒಲ್ಲದು. ಬರಿದಾದ ಒಲೆಯನ್ನು ಎಂದಿಗೂ ನಡೆಸಕೂಡದು.

ಕೆಟ್ಟಿತೆಂದು ತೋರಿದ ಒಲೆಯಲ್ಲಿ ದೋಷವು ಎಷ್ಟೋ ವೇಳೆ ಹೊರಗಿರುತ್ತದೆ. ಪಾವಗಡದ ತಿರುಮಣಿಯ ಸುತ್ತ 2050 ಮೆಗಾವ್ಯಾಟಿನ ಸೌರ ವಿದ್ಯುತ್ ಸ್ಥಾವರ ಎದ್ದಿದೆ ನಿಜ. ಆದರೆ ತಂತಿಯ ಕೊನೆಯಲ್ಲಿರುವ ಮನೆಗೆ ತಲುಪುವ ವೋಲ್ಟೇಜಿನ ಮಾತೇ ಬೇರೆ. ಪಂಪ್‌ಸೆಟ್ಟುಗಳು ಒಟ್ಟಿಗೆ ತಿರುಗುವ ಹೊತ್ತಿನಲ್ಲಿ ವೋಲ್ಟೇಜು ಕುಸಿದರೆ ಒಲೆಯ ದೀಪ ಉರಿಯುತ್ತದೆ, ತಟ್ಟೆ ತಿರುಗುತ್ತದೆ, ಗುಂಯ್‌ಗುಟ್ಟುವ ಸದ್ದೂ ಕೇಳುತ್ತದೆ. ಆಹಾರ ಮಾತ್ರ ಕಾಯುವುದಿಲ್ಲ. ಬೇರೆ ಹೊತ್ತಿನಲ್ಲಿ ಒಂದು ಲೋಟ ನೀರಿಟ್ಟು ಪರೀಕ್ಷಿಸಿ ನೋಡಬೇಕು. 800 ವ್ಯಾಟ್ ಶಾಖ ಕೊಡುವ ಒಲೆ ಎಳೆಯುವ ವಿದ್ಯುತ್ತು 1200 ವ್ಯಾಟಿಗೂ ಮಿಗಿಲು. ಆದುದರಿಂದ ದೂರದರ್ಶನದ ಸ್ಟೆಬಿಲೈಸರು ಇದಕ್ಕೆ ಸಾಲದು. 16 ಆಂಪಿಯರಿನ ಮೂರು ಕಡ್ಡಿಯ ಪ್ಲಗ್ಗೇ ಬೇಕು. ಆ ಮೂರನೆಯ ಕಡ್ಡಿಯ ಭೂಸಂಪರ್ಕವೂ ಹೆಸರಿಗೆ ಮಾತ್ರ ಇರಬಾರದು. ಮಧುಗಿರಿ, ಕೊರಟಗೆರೆಗಳದು ಬಂಡೆಗಲ್ಲಿನ ನೆಲ. ಬೇಸಗೆಯಲ್ಲಿ ತೇವ ಆರಿದರೆ ಅರ್ಥಿಂಗ್ ಗುಂಡಿ ಇದ್ದೂ ಇಲ್ಲದಂತೆ. ಆ ಗುಂಡಿಗೆ ಆಗಾಗ್ಗೆ ನೀರು ಹೊಯ್ಯುವ ಹಳೆಯ ಪದ್ಧತಿಯನ್ನು ಬಿಡತಕ್ಕದ್ದಲ್ಲ.

ಒಳಗೋಡೆಯಿಂದ ಕಿಡಿ ಹಾರಿದರೆ ಅಲ್ಲಿರುವ ಅಭ್ರಕದ ಹಾಳೆಯನ್ನು, ಅಂದರೆ ಕಾಗೆಬಂಗಾರದ ತೆಳು ತುಂಡನ್ನು, ನೋಡಬೇಕು. ಸಾರಿನ ಜಿಡ್ಡು ಅಂಟಿದ್ದರೆ ಪ್ಲಗ್ಗನ್ನು ಕಿತ್ತು ಒದ್ದೆ ಬಟ್ಟೆಯಿಂದ ಒರೆಸಬಹುದು; ಸುಟ್ಟು ತೂತಾಗಿದ್ದರೆ ಅದೇ ಅಳತೆಯ ಹಾಳೆಯನ್ನು ಹಾಕಿಸಬೇಕು. ತಟ್ಟೆ ತಿರುಗದಿದ್ದರೆ ಅದರ ಬಳೆಯಲ್ಲಿ ಅನ್ನದ ಅಗುಳು ಸಿಕ್ಕಿರಬಹುದು. ಗುಂಡಿಗಳು ಕೆಲಸ ಮಾಡದಿದ್ದರೆ ಮಕ್ಕಳ ಸುರಕ್ಷತೆಗೆಂದಿರುವ ಬೀಗ ಬಿದ್ದಿದೆಯೇ ಎಂದು ಪರಿಶೀಲಿಸಬೇಕು.

ಮನೆಯವರ ಕೆಲಸ ಇಲ್ಲಿಗೆ ಮುಗಿಯಿತು. ಹೊರಕವಚದ ತಿರುಪುಗಳನ್ನು ಅವರು ಮುಟ್ಟಲೇಬಾರದು. ಮ್ಯಾಗ್ನೆಟ್ರಾನಿಗೆ ಬೇಕಾದ ಸುಮಾರು 4000 ವೋಲ್ಟನ್ನು ಒದಗಿಸಲು ಒಳಗೊಂದು ಕೆಪ್ಯಾಸಿಟರ್ ಇದೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರಬಹುದು. ಆ ಆಘಾತ ಮಾರಕ. ಮಿಕ್ಸಿ, ಪಂಪುಗಳನ್ನು ದುರಸ್ತಿ ಮಾಡುವ ಜಾಣನಾದರೂ ಈ ವಿಶೇಷವನ್ನು ಕಲಿಯದಿದ್ದರೆ ಅವನ ಕೈಗೆ ಇದನ್ನು ಒಪ್ಪಿಸುವುದು ಸಲ್ಲದು. ಬಾಗಿಲು ಸೊಟ್ಟಗಾದ, ಸರಿಯಾಗಿ ಕೂಡದ ಒಲೆಯನ್ನೂ ದುರಸ್ತಿಯಾಗುವವರೆಗೆ ನಡೆಸಬಾರದು. ಅಲೆಗಳನ್ನು ತಡೆಯುವುದು ಆ ಬಾಗಿಲೇ. ತಯಾರಕರ ಅಧಿಕೃತ ದುರಸ್ತಿ ಕೇಂದ್ರವನ್ನು ಹುಡುಕಿಕೊಂಡು ತುಮಕೂರಿಗೆ ಒಯ್ಯುವುದಾದರೆ ಗಾಜಿನ ತಟ್ಟೆಯನ್ನು ಹೊರತೆಗೆದು ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿಕೊಳ್ಳಬೇಕು. ಬಸ್ಸಿನ ಕುಲುಕಾಟಕ್ಕೆ ಮೊದಲು ಒಡೆಯುವುದು ಅದೇ.