ಮಲ್ಪೆಯ ಕಂಬಶಿಲೆಗಳು

ಉಡುಪಿಯ ಪಶ್ಚಿಮಕ್ಕಿರುವ ಮಲ್ಪೆಯ ಕಡಲತೀರಕ್ಕೆ ರಜೆಯ ದಿನಗಳಲ್ಲಿ ಜನರು ತಂಡತಂಡವಾಗಿ ಬರುತ್ತಾರೆ. ಮರಳಿನಲ್ಲಿ ಆಡಿ ದಣಿದವರು ದೋಣಿಯೇರಿ ಸೇಂಟ್ ಮೇರಿ ದ್ವೀಪಕ್ಕೆ ಹೋಗುವುದುಂಟು. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿಳಿದು ಈ ಹೆಸರಿಟ್ಟನೆಂದು ಪ್ರತೀತಿ.

ದ್ವೀಪದ ತೆಂಗಿನ ಮರಗಳೂ ಚಿಪ್ಪುಗಳೂ ಸುಂದರವೇ. ಆದರೆ ನಿಜವಾದ ಸೋಜಿಗವೆಂದರೆ ಅಲ್ಲಿನ ಬಂಡೆಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿ ಹರಿದ ಲಾವಾರಸವು ತಣಿಯುತ್ತ ಕುಗ್ಗಿತು. ಕುಗ್ಗುತ್ತ ಬಿರುಕೊಡೆದು ಹಲವು ಮುಖಗಳ ಕಂಬಗಳಾಗಿ ನಿಂತಿತು. ಉಳಿಯೇ ಸೋಂಕದ ಈ ಕಂಬಗಳನ್ನು ಶಿಲ್ಪಿಗಳು ಕಡೆದಿಟ್ಟಂತೆ ತೋರುತ್ತದೆ.

ಅಲೆಯಲ್ಲಿ ತೊಯ್ದ ಬಂಡೆ ಬಹಳ ಜಾರುತ್ತದೆ. ಕಾವಲುಗಾರರ ಮಾತನ್ನು ಲೆಕ್ಕಿಸದೆ ಅದರ ಅಂಚಿಗೆ ಹೋಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಮಳೆಗಾಲದಲ್ಲಂತೂ ಕಡಲು ಕೆರಳುವುದರಿಂದ ಪ್ರವಾಸಿಗರ ದೋಣಿಗಳು ದಡದಲ್ಲೇ ಉಳಿಯುತ್ತವೆ.