ರಾಜೀನಾಮೆ ಬರೆದುಕೊಡುವ ಮುನ್ನ

2021ರ ನವೆಂಬರ್. ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ ಲೆಕ್ಕ ಬರೆಯುತ್ತಿದ್ದೆ, ಸಂಬಳ 18 ಸಾವಿರ. ಒಂದು ಸಂಜೆ ಮ್ಯಾನೇಜರು ಕರೆದು, ಆರ್ಡರ್ ಇಲ್ಲ, ತಿಂಗಳ ಕೊನೆಗೆ ನಿಮ್ಮ ಲೆಕ್ಕ ಚುಕ್ತಾ ಮಾಡುತ್ತೇವೆ ಅಂದರು. ಮೇಜಿನ ಮೇಲೆ ಟೈಪ್ ಮಾಡಿಟ್ಟ ಹಾಳೆ: ‘ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ನೀಡುತ್ತಿದ್ದೇನೆ.’ ಕೆಳಗೆ ನನ್ನ ಹೆಸರು, ಸಹಿಗೆ ಜಾಗ. ಪೆನ್ನನ್ನೂ ಅವರೇ ಮುಂದೆ ಮಾಡಿದರು.

ನಾಳೆ ಕೊಡುತ್ತೇನೆ ಎಂದು ಎದ್ದು ಬಂದೆ. ಗೇಟಿನ ಹತ್ತಿರ ಲೇತ್ ಮೇಲಿನ ಹಿರಿಯರೊಬ್ಬರು ಸಿಕ್ಕರು. “ಸಹಿ ಹಾಕ್ಬೇಡ ಕಣಮ್ಮ. ಅವರೇ ತೆಗೆದ್ರು ಅಂತ ಬರೆಸ್ಕೊ. ನೀನಾಗಿ ಬಿಟ್ಟೆ ಅಂದ್ರೆ ಇಎಸ್‌ಐನವ್ರು ಒಂದು ಪೈಸೆ ಕೊಡಲ್ಲ” ಅಂದರು. ಇಎಸ್‌ಐ ಅಂದರೆ ನನ್ನ ಪಾಲಿಗೆ ರಾಜಾಜಿನಗರದ ಆಸ್ಪತ್ರೆ, ಅಷ್ಟೇ. ತಿಂಗಳು ತಿಂಗಳೂ ಎಲ್ಲರ ಕಡಿತ ಬರೆಯುತ್ತಿದ್ದ ನನಗೂ, ಕೆಲಸ ಹೋದವರಿಗೆ ಅಲ್ಲಿ ಹಣ ಸಿಗುತ್ತದೆಂದು ಗೊತ್ತಿರಲಿಲ್ಲ.

ಆ ಹಣ ಬರುವುದು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯಿಂದ. 2018ರ ಜುಲೈನಲ್ಲಿ ಶುರುವಾದಾಗ ದಿನದ ಸರಾಸರಿ ಗಳಿಕೆಯ ಕಾಲು ಭಾಗ ಕೊಡುತ್ತಿದ್ದರು. ಕೊರೊನಾ ಬಂದಾಗ ಅದನ್ನು ಅರ್ಧಕ್ಕೆ ಏರಿಸಿದರು. ಗರಿಷ್ಠ 90 ದಿನ, ಜೀವಮಾನದಲ್ಲಿ ಒಂದೇ ಸಲ. ಕೆಲಸ ಹೋಗಿ 30 ದಿನ ಕಳೆದ ಮೇಲೆ ಆನ್‌ಲೈನ್ ಅರ್ಜಿ ತುಂಬಿ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ನಕಲಿನ ಜೊತೆ ಇಎಸ್‌ಐ ಶಾಖಾ ಕಚೇರಿಗೆ ಕೊಡಬೇಕು. ಎರಡು ವರ್ಷ ವಿಮೆಯಡಿ ದುಡಿದಿರಬೇಕು. ಕೆಲಸ ಹೋಗುವುದಕ್ಕೆ ಹಿಂದಿನ ಅರ್ಧವರ್ಷದ ವಂತಿಗೆ ಅವಧಿಯಲ್ಲೂ, ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಒಂದರಲ್ಲೂ ಕನಿಷ್ಠ 78 ದಿನದ ವಂತಿಗೆ ಬಿದ್ದಿರಬೇಕು. ಇದು ಅವಧಿ ಗೊತ್ತುಮಾಡಿ ವಿಸ್ತರಿಸುತ್ತ ಬಂದಿರುವ ಯೋಜನೆ, ಹಾಗಾಗಿ ಈಗಿನ ಸ್ಥಿತಿಯನ್ನು ಶಾಖಾ ಕಚೇರಿಯಲ್ಲೇ ಕೇಳಿ ಮುಂದುವರಿಯಿರಿ.

ಸರಾಸರಿ ತೆಗೆಯುವ ಬಗೆಯನ್ನು ನೋಡಿ. ನಾಲ್ಕು ಅವಧಿಗಳ ಒಟ್ಟು ಗಳಿಕೆಯನ್ನು 730ರಿಂದ ಭಾಗಿಸುತ್ತಾರೆ. ಲಾಕ್‌ಡೌನಿನಲ್ಲಿ ನನಗೆ ಎರಡು ತಿಂಗಳ ಸಂಬಳ ಬಂದಿರಲಿಲ್ಲ. 22 ತಿಂಗಳಿಗೆ 3,96,000 ರೂಪಾಯಿ. ಭಾಗಿಸಿದರೆ ದಿನಕ್ಕೆ 542, ಅದರಲ್ಲಿ ಅರ್ಧ 271. ತೊಂಬತ್ತು ದಿನಕ್ಕೆ ಸುಮಾರು 24,400. ಮೂರು ತಿಂಗಳ ಮನೆ ಬಾಡಿಗೆ, ರೇಷನ್ನು, ಮಗಳ ಶಾಲೆಯ ಒಂದು ಕಂತು ಅದರಲ್ಲೇ ಕಳೆಯಿತು. ತಿಂಗಳಿಗೆ ನನ್ನಿಂದ ಹೋಗುತ್ತಿದ್ದುದು 135 ರೂಪಾಯಿ, ಮಾಲೀಕರಿಂದ 585. ಯಾರ ದಾನವೂ ಅಲ್ಲ, ನಮ್ಮದೇ ವಂತಿಗೆ. ಕೇಳಲು ಸಂಕೋಚಪಡಬೇಡಿ.

ಎಲ್ಲ ನಿಂತಿರುವುದು ಕೆಲಸ ಬಿಟ್ಟ ಕಾರಣದ ಮೇಲೆ. ತಾನಾಗಿ ರಾಜೀನಾಮೆ ಕೊಟ್ಟವರಿಗೆ, ದುರ್ನಡತೆಗೆ ವಜಾ ಆದವರಿಗೆ, ವಯಸ್ಸಾಗಿ ನಿವೃತ್ತರಾದವರಿಗೆ ಇದು ಇಲ್ಲ. ನಾನು ಮೂರು ದಿನ ಹಟ ಹಿಡಿದೆ. ಕೊನೆಗೆ ‘ಕೆಲಸದ ಅಭಾವದಿಂದ ಸೇವೆಯಿಂದ ತೆಗೆಯಲಾಗಿದೆ’ ಎಂದು ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರು.

ಯುವನಿಧಿ ಸಿಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಅದು ಓದು ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ, ಡಿಪ್ಲೊಮಾದವರಿಗೆ. ಇದ್ದ ಕೆಲಸ ಕಳೆದುಕೊಂಡವರಿಗಲ್ಲ. ಇನ್ನು ಇಎಸ್‌ಐ ಮಿತಿ 2017ರಲ್ಲಿ ತಿಂಗಳಿಗೆ 21,000 ಎಂದಾಯಿತು. ಅದಕ್ಕಿಂತ ಒಂದಿಷ್ಟು ಹೆಚ್ಚು ಸಂಬಳ ಪಡೆದು ಇದರಿಂದ ಹೊರಗುಳಿದವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ. ಇದು ಸರಿಯಲ್ಲ.

ಮೊನ್ನೆ ಗಾರ್ಮೆಂಟ್ಸಿನ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. “ಅಕ್ಕಾ, ನಿನ್ನೆ ಸಹಿ ಹಾಕ್ಬಿಟ್ಟೆ.” ಒತ್ತಾಯ ಮಾಡಿ ಬರೆಸಿಕೊಂಡರು, ರಾಜೀನಾಮೆ ವಾಪಸ್ ಪಡೆಯುತ್ತಿದ್ದೇನೆ ಎಂದು ಈವತ್ತೇ ಬರೆದು ಸ್ಪೀಡ್ ಪೋಸ್ಟ್ ಮಾಡು, ಒಂದು ಪ್ರತಿ ಕಾರ್ಮಿಕ ಇಲಾಖೆಗೂ ಕೊಡು, ರಸೀದಿ ಜೋಪಾನ ಎಂದೆ. ಪೋಸ್ಟ್ ಆಫೀಸು ಎಷ್ಟು ಗಂಟೆವರೆಗೆ ಇರುತ್ತೆ ಅಕ್ಕಾ ಎಂದು ಕೇಳಿದಳು.